ಮೂರನೇ ಭಾಷೆ ಹೋದರೆ ಆಟೊಮೊಬೈಲ್ ಎಲ್ಲಿ ಕೂರಬೇಕು? ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ನಮಸ್ಕಾರ.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೇಳಾಪಟ್ಟಿಯನ್ನು ಒಮ್ಮೆ ಕೊನೆಯವರೆಗೂ ಓದಿ ನೋಡಿ ಸಾರ್. ಮೂರನೇ ಭಾಷೆಯ ದಿನ ಹಿಂದಿ, ಸಂಸ್ಕೃತ, ತುಳು, ಕೊಂಕಣಿಯ ಜೊತೆಗೆ ಆಟೊಮೊಬೈಲ್, ರಿಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ಕೂಡ ಇರುತ್ತವೆ. ಇವು ಎನ್‌ಎಸ್‌ಕ್ಯುಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಅಡಿ ಶಾಲೆಯಲ್ಲೇ ಕಲಿಸುವ ಕಸುಬಿನ ವಿಷಯಗಳು. ಮೂರನೇ ಭಾಷೆಯ ಬದಲು ಇವನ್ನು ತಗೋಬಹುದು. ಗ್ಯಾರೇಜ್ ಕೆಲಸಕ್ಕೂ ಭಾಷೆಗೂ ಏನು ನಂಟು ಅಂದರೆ, ಏನೂ ಇಲ್ಲ. ಜಾಗ ಸಿಕ್ಕಿದ್ದು ಅಲ್ಲಿ, ಅಷ್ಟೆ.

ಈಗ ಆ ಜಾಗಕ್ಕೂ ಸಂಚಕಾರ ಬಂದಿದೆ. ಸುಖದೇವ ಥೋರಟ್ ಅವರ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿ ಎರಡೇ ಭಾಷೆ ಸಾಕು ಅನ್ನುತ್ತದೆ. ನನಗೂ ಅದು ಸರಿ ಅನ್ನಿಸುತ್ತದೆ. ಆದರೆ ಮೂರನೇ ಭಾಷೆ ಹೋದರೆ ಆಟೊಮೊಬೈಲ್ ಎಲ್ಲಿ ಕೂರಬೇಕು?

ಸುಮ್ನೆ ಕೇಳುತ್ತಿಲ್ಲ. ಹೈಸ್ಕೂಲಿನಲ್ಲಿ ಕಸುಬಿನ ಪಾಠ ಹಳೇ ಮಾತು. ಬ್ರಿಟಿಷರ ಕಾಲದ, 1882ರ ಹಂಟರ್ ಶಿಕ್ಷಣ ಆಯೋಗವೇ ದೊಡ್ಡ ತರಗತಿಗಳಲ್ಲಿ ಎರಡು ದಾರಿ ಇರಲಿ ಅಂದಿತ್ತು, ಒಂದು ವಿಶ್ವವಿದ್ಯಾಲಯಕ್ಕೆ, ಇನ್ನೊಂದು ವ್ಯಾಪಾರ, ಕೆಲಸಕಾರ್ಯಗಳಿಗೆ. ಸ್ವಾತಂತ್ರ್ಯ ಬಂದ ಮೇಲೆ ಮೊದಲಿಯಾರ್ ಆಯೋಗ ಓದಿನ ಜೊತೆ ಕಸುಬನ್ನೂ ಕಲಿಸುವ ವಿವಿಧೋದ್ದೇಶ ಶಾಲೆಗಳ ಮಾತಾಡಿತು. ಜನ ಮಾತ್ರ ಮೊದಲನೇ ದಾರಿಯನ್ನೇ ಹಿಡಿದರು. ಎರಡನೇ ದಾರಿ ಮುಂದೆ ಎಲ್ಲಿಗೂ ಹೋಗುತ್ತಿರಲಿಲ್ಲ, ಇನ್ನೇನು ಮಾಡುತ್ತಾರೆ?

ನಮ್ಮ ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಎಷ್ಟೋ ಮೇಲು. ವಿಶ್ವೇಶ್ವರಯ್ಯನವರು ಭದ್ರಾವತಿ ಕಬ್ಬಿಣದ ಕಾರ್ಖಾನೆಯಿಂದ ತಮಗೆ ಬರಬೇಕಿದ್ದ ಹಣವನ್ನು ಮನೆಗೆ ಒಯ್ಯಲಿಲ್ಲ. ಕಸುಬು ಕಲಿಸುವ ಸಂಸ್ಥೆಗೆ ಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಸಂಸ್ಥೆಗೆ ತಮ್ಮ ಹೆಸರನ್ನೂ ಇಡಲಿಲ್ಲ, ಜಯಚಾಮರಾಜೇಂದ್ರರ ಹೆಸರಿಟ್ಟರು. ಅದೇ ಇವತ್ತಿನ ಎಸ್‌ಜೆಪಿ, ಅಂದರೆ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್.

ಆಮೇಲಿನದು ಗಡುವುಗಳ ಕಥೆ. 1986ರ ಶಿಕ್ಷಣ ನೀತಿ ಹತ್ತನೇ ಕ್ಲಾಸ್ ನಂತರದ ಶೇ 10ರಷ್ಟು ಮಕ್ಕಳು 1990ರೊಳಗೆ, ಶೇ 25ರಷ್ಟು ಮಕ್ಕಳು 1995ರೊಳಗೆ ವೃತ್ತಿ ಶಿಕ್ಷಣಕ್ಕೆ ಬರಬೇಕು ಅಂದಿತು. 1992ರಲ್ಲಿ ಆ ಎರಡು ಗಡುವುಗಳನ್ನು 1995ಕ್ಕೆ, 2000ಕ್ಕೆ ತಳ್ಳಿದರು. 2020ರ ನೀತಿ ಶೇ 50ರಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯ ಆಗಬೇಕು ಅಂದಿತು, 2025ರೊಳಗೆ. ಅದೂ ಮುಗಿಯಿತು. ಈ ನಡುವೆ ಪಿಯು ಕಾಲೇಜುಗಳಲ್ಲಿ ಜೆಒಸಿ, ಅಂದರೆ ಉದ್ಯೋಗ ಆಧಾರಿತ ಕೋರ್ಸ್ ಬಂತು. ರೇಷ್ಮೆ, ವೈರಿಂಗ್, ಕಂಪ್ಯೂಟರ್ ಎಲ್ಲ ಇತ್ತು. ಪಾಠ ಮಾಡಿದವರು ಅರೆಕಾಲಿಕ ನೌಕರರಾಗಿಯೇ ವರ್ಷಗಟ್ಟಲೆ ದುಡಿದರು. ಅವರನ್ನು ಸೇವೆಗೆ ಸೇರಿಸಿಕೊಳ್ಳಲು 2011ರಲ್ಲಿ ವಿಶೇಷ ಕಾಯ್ದೆಯೇ ಬೇಕಾಯಿತು. ಶಿಕ್ಷಕರೇನೋ ಉಳಿದರು, ಕೋರ್ಸ್ ಉಳಿಯಲಿಲ್ಲ.

ಈಗ ಎನ್‌ಎಸ್‌ಕ್ಯುಎಫ್ ಶಿಕ್ಷಕರನ್ನು ಹೊರಗುತ್ತಿಗೆಯಲ್ಲಿ ತಗೊಳ್ಳುತ್ತಿದ್ದೀರಿ. ಅದೇ ತಪ್ಪು ಮತ್ತೆ ಅಲ್ವಾ? ನಾನು ನೋಡಿದ ಒಂದು ಶಾಲೆಯಲ್ಲಿ ಸ್ಪ್ಯಾನರ್ ಸೆಟ್ ಪ್ಲಾಸ್ಟಿಕ್ ಕವರ್ ಸಮೇತ ಬೀರುವಿನಲ್ಲಿತ್ತು. ಒಂದು ಕಳೆದರೂ ಆಡಿಟ್‌ನಲ್ಲಿ ಯಾರು ಉತ್ತರ ಕೊಡೋದು ಅನ್ನೋ ಭಯ. ಮಕ್ಕಳು ಕಾರ್ಬ್ಯುರೇಟರ್ ಚಿತ್ರ ಬಿಡಿಸಿ ಭಾಗಗಳ ಹೆಸರು ಬರೆಯುತ್ತಿದ್ದರು, ನೀಟಾಗಿ, ಸ್ಕೇಲ್ ಇಟ್ಟು.

ಪಕ್ಕದ ಕೇರಳದಲ್ಲಿ ತಾಂತ್ರಿಕ ಹೈಸ್ಕೂಲುಗಳು ಇವತ್ತಿಗೂ ನಡೆಯುತ್ತಿವೆ. ಅವಕ್ಕೆ ಟಿಎಚ್‌ಎಸ್‌ಎಲ್‌ಸಿ ಅಂತ ಬೇರೆ ಪರೀಕ್ಷೆ ಇದೆ, ಪಾಸಾದವರಿಗೆ ಪಾಲಿಟೆಕ್ನಿಕ್‌ನಲ್ಲಿ ಮೀಸಲು ಸೀಟೂ ಇದೆ. ನಮ್ಮಲ್ಲೂ ಜೆಟಿಎಸ್ (ಜೂನಿಯರ್ ಟೆಕ್ನಿಕಲ್ ಸ್ಕೂಲ್) ಶಾಲೆಗಳಿವೆ. ಅವುಗಳ ಎಂಜಿನಿಯರಿಂಗ್ ಗ್ರಾಫಿಕ್ಸ್ ಪತ್ರಿಕೆ ವೇಳಾಪಟ್ಟಿಯ ಮೂಲೆಯಲ್ಲಿ ಕಾಣುತ್ತದೆ. ಎಷ್ಟು ಅಪ್ಪ ಅಮ್ಮಂದಿರಿಗೆ ಆ ಶಾಲೆಗಳು ಇರೋದೇ ಗೊತ್ತು ಹೇಳಿ? ಮನೆಗಳಲ್ಲಿ ಈಗಲೂ ಕೇಳೋದು 'ಓದು ತಲೆಗೆ ಹತ್ತಲ್ಲ, ಐಟಿಐಗೆ ಹಾಕಿ' ಅನ್ನೋ ಮಾತೇ. ಆ ಮಾತನ್ನು ಭಾಷಣದಿಂದ ಬದಲಿಸಲು ಆಗಲ್ಲ. ಆಟೊಮೊಬೈಲ್ ಓದಿದ ಹುಡುಗಿಗೆ ಡಿಪ್ಲೊಮಾ ಸೀಟು ಸಿಕ್ಕರೆ ತಾನೇ ಬದಲಾಗುತ್ತದೆ.

ಎರಡು ಭಾಷೆಯ ಆದೇಶ ಹೊರಡಿಸುವುದಾದರೆ ಅದರಲ್ಲೇ ಈ ವಿಷಯಗಳಿಗೆ ಸ್ವಂತ ಪತ್ರಿಕೆ, ಸ್ವಂತ ಅಂಕ ಕೊಡಿ. ಕಾಯಂ ಶಿಕ್ಷಕರ ಹುದ್ದೆ ಮಂಜೂರು ಮಾಡಿ. ಒಂಬತ್ತನೇ ಕ್ಲಾಸಿನಲ್ಲಿ ಆಟೊಮೊಬೈಲ್ ತಗೊಂಡಿರುವ ಮಕ್ಕಳು ಹತ್ತರಲ್ಲಿ ಯಾವ ಪರೀಕ್ಷೆ ಬರೆಯಬೇಕು ಅನ್ನೋದನ್ನೂ ದಯವಿಟ್ಟು ಅದರಲ್ಲೇ ಸ್ಪಷ್ಟವಾಗಿ ತಿಳಿಸಿ.

ಇತಿ,
ಹೈಸ್ಕೂಲು ಮಕ್ಕಳ ಪೋಷಕ