ಅಮ್ಮನ ಬಳೆ ಅಡವಿಡಬೇಡ, ಮಷೀನು ಮನೆಯಲ್ಲೇ ಕಟ್ಟು

ಕೊವೆಂಟ್ರಿ
ಏಪ್ರಿಲ್, ಭಾನುವಾರ ರಾತ್ರಿ

ಚಿ. ಮಂಜುವಿಗೆ ಅಣ್ಣನ ಆಶೀರ್ವಾದಗಳು. ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು. ಸುಧಾಳನ್ನೂ ಪುಟ್ಟಿಯನ್ನೂ ಕೇಳಿದೆ ಅಂತ ಹೇಳು. ನಾನು ಇಲ್ಲಿ ಕ್ಷೇಮ.

ಅಮ್ಮ ಬರೆಸಿದ ಕಾಗದ ಗುರುವಾರ ಬಂತು. ಹೂಮಳೆ ಬಿದ್ದಿದ್ದು, ಆಲ್ದೂರಿನ ಚಿಕ್ಕಮ್ಮ ಬಂದು ಹೋಗಿದ್ದು ಎಲ್ಲಾ ಬರೆಸಿ, ಕೊನೆಯ ಎರಡು ಸಾಲಿನಲ್ಲಿ ನಿಜವಾದ ವಿಷಯ ಇಟ್ಟಿದ್ದಾಳೆ. ವೀಲಿಂಗ್ ಮಷೀನ್, ಅಂದರೆ ಎರಡು ಚಕ್ರದ ನಡುವೆ ತಗಡು ಓಡಿಸಿ ಉಬ್ಬಿಸುವ ಯಂತ್ರ, ತರಿಸೋಕೆ ಅವಳ ನಾಲ್ಕು ಬಳೆ ಅಡವಿಡಬೇಕು ಅಂತಿದ್ದೀಯಂತೆ. ಅವಳು ಬೇಡ ಅಂದಿಲ್ಲ. "ಅವನಿಗೆ ಕೊಡಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ, ನೀನೇ ಒಂದು ಮಾತು ಹೇಳು" ಅಂತ ಬರೆಸಿದ್ದಾಳೆ. ಅದನ್ನು ಓದಿದ ಮೇಲೆ ಮನಸ್ಸು ಬೇರೆ ಯಾವುದಕ್ಕೂ ಹೋಗುತ್ತಿಲ್ಲ. ದಯವಿಟ್ಟು ಬಳೆ ಮುಟ್ಟಬೇಡ ಕಣೋ. ಮಷೀನು ಬೇಡ ಅನ್ನುತ್ತಿಲ್ಲ. ಅದನ್ನು ಶೆಡ್ಡಿನಲ್ಲೇ ಕಟ್ಟಬಹುದು. ಅದಕ್ಕೂ ಮೊದಲು ಬೇರೆ ಮೂರು ಸಾಮಾನು ಆಗಬೇಕು.

ನಿನ್ನ ಶೆಡ್ಡಿಗೆ ಬರುವ ಕೆಲಸವನ್ನೇ ಲೆಕ್ಕ ಹಾಕು. ಎಸ್ಟೇಟ್ ಜೀಪುಗಳ ಫ್ಲೋರು, ಸೈಡು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಹಾಪರು. ಇದೆಲ್ಲ ನೇರವಾಗಿ ಮಡಚುವ ಕೆಲಸ, ವೀಲಿಂಗ್ ಮಷೀನಿಗೆ ಇಲ್ಲಿ ಕೆಲಸವೇ ಇಲ್ಲ. ಉಬ್ಬು ಬೇಕಾಗುವುದು ಬುಲೆಟ್ಟಿನ ಮಡ್‌ಗಾರ್ಡು, ಟ್ಯಾಂಕು, ಹಳೇ ಕಾರಿನ ಬಾನೆಟ್ಟಿಗೆ ಮಾತ್ರ. ಹಾಗಾಗಿ ಮೊದಲು ಆಗಬೇಕಾದ್ದು ತಗಡು ಮಡಚುವ ಫೋಲ್ಡರ್.

50×50×6 ಆಂಗಲ್ ಮೂರು ತುಂಡು, ಒಂದೊಂದೂ 900 ಮಿ.ಮೀ. ಒಂದು ಮೇಜಿಗೆ, ಒಂದು ಏಳುವ ರೆಕ್ಕೆಗೆ, ಒಂದು ಮೇಲಿನಿಂದ ಒತ್ತಿ ಹಿಡಿಯೋಕೆ. ಮನೆಯಲ್ಲಿ ಕಟ್ಟಿದ ಫೋಲ್ಡರುಗಳು ಕೆಡುವುದು ಕೀಲಿನ ಜಾಗದಲ್ಲಿ. ರೆಕ್ಕೆ ಮುಚ್ಚಿದಾಗ ಎರಡು ಆಂಗಲಿನ ಮೇಲ್ಮೈ ಒಂದೇ ಮಟ್ಟದಲ್ಲಿ ಸೇರುವ ಗೆರೆ ಇದೆಯಲ್ಲ, ಕೀಲಿನ ಸರಳಿನ ನಡುಮಧ್ಯ ಸರಿಯಾಗಿ ಆ ಗೆರೆಯ ಮೇಲೇ ಬರಬೇಕು. ಕೆಳಗೆ ಬಂದರೆ ರೆಕ್ಕೆ ಏಳುವಾಗ ತಗಡನ್ನು ಉಜ್ಜಿಕೊಂಡು ಹೋಗುತ್ತೆ, ಗೀರು ಬೀಳುತ್ತೆ, ಮೂಲೆ ದುಂಡಗಾಗುತ್ತೆ. ಅದಕ್ಕೆ ಎರಡೂ ತುದಿಯಲ್ಲಿ ಆಂಗಲಿನ ಮೂಲೆ ಕತ್ತರಿಸಿ, 16 ಮಿ.ಮೀ. ಸರಳನ್ನು ಆ ಗೆರೆಗೆ ಕೂರಿಸಿ, ಟಾಕು (ಚುಕ್ಕೆಯಷ್ಟು ಬೆಸುಗೆ) ಹಾಕಿ, ರೆಕ್ಕೆಯನ್ನು ಹತ್ತು ಸಲ ಎತ್ತಿ ಇಳಿಸಿ ನೋಡಿದ ಮೇಲೆಯೇ ಪೂರ್ತಿ ವೆಲ್ಡ್ ಮಾಡು.

ಒತ್ತುವ ಆಂಗಲಿನ ಮುಂದಿನ ಅಂಚನ್ನು ಗ್ರೈಂಡರಿನಲ್ಲಿ 45 ಡಿಗ್ರಿ ಇಳಿಸು. 90 ಡಿಗ್ರಿ ಬೇಕಾದರೆ ತಗಡನ್ನು 93ರವರೆಗೆ ಎಳೆಯಬೇಕು, ಬಿಟ್ಟ ಕೂಡಲೇ ಸ್ವಲ್ಪ ಹಿಂದಕ್ಕೆ ಬರುತ್ತೆ. ಆ ಅಂಚು ಮಡಿಕೆಯ ಗೆರೆಯಿಂದ ತಗಡಿನ ದಪ್ಪದಷ್ಟು ಹಿಂದಿರಲಿ. ಮಧ್ಯದಲ್ಲಿ ಮಡಿಕೆ ಕಡಿಮೆ ಬಿದ್ದು ತುದಿಗಳಲ್ಲಿ ಸರಿಯಾಗಿ ಬಂದರೆ ಒತ್ತುವ ಆಂಗಲ್ ಮಧ್ಯದಲ್ಲಿ ಮೇಲಕ್ಕೆ ಬಾಗುತ್ತಿದೆ ಅಂತ ಅರ್ಥ. ಅದರ ಬೆನ್ನಿಗೆ 25×6 ಫ್ಲಾಟನ್ನು ನೆಟ್ಟಗೆ ನಿಲ್ಲಿಸಿ ಬೆಸೆ. ಒಂದೇ ಉಸಿರಿಗೆ ಉದ್ದಕ್ಕೆ ಎಳೆಯಬೇಡ, ಆಂಗಲ್ ಬಾಳೆಹಣ್ಣಿನ ಹಾಗೆ ಸೊಟ್ಟಗಾಗುತ್ತೆ. 25 ಮಿ.ಮೀ. ಬೆಸುಗೆ, 150 ಬಿಟ್ಟು ಇನ್ನೊಂದು, ಈ ತುದಿ ಒಂದು ಸಲ ಆ ತುದಿ ಒಂದು ಸಲ, ನಡುವೆ ಆರೋಕೆ ಬಿಡು. ಈ ಫೋಲ್ಡರಿನಲ್ಲಿ 20 ಗೇಜ್ ದಪ್ಪದ ತಗಡು ಪೂರ್ತಿ ಅಗಲಕ್ಕೆ ಮಡಚಬಹುದು. 18 ಗೇಜ್ ಆದರೆ 450 ಮಿ.ಮೀ. ದಾಟಬೇಡ.

ಗೇಜ್ ಅಂದಾಗ ನೆನಪಾಯಿತು. ಬ್ರಿಟನ್ನಿನ ಗೇಜೇ ಬೇರೆ, ಅಮೆರಿಕದ ಗೇಜೇ ಬೇರೆ. 20ರಲ್ಲಿ ಎರಡೂ ಹತ್ತಿರ ಹತ್ತಿರ 0.91 ಮಿ.ಮೀ. 16ಕ್ಕೆ ಬಂದರೆ ಇವರದು 1.63, ಅವರದು 1.52. ಅಂಗಡಿಯಲ್ಲಿ ಮಿ.ಮೀ.ನಲ್ಲೇ ಕೇಳು, ಕ್ಯಾಲಿಪರ್ ಇಟ್ಟು ನೋಡಿಯೇ ದುಡ್ಡು ಕೊಡು.

ಎರಡನೆಯದು ತಗಡು ಇಟ್ಟು ಬಡಿಯೋಕೆ ಮರದ ಕೊರಡು. ಇದಕ್ಕೆ ಸಿಲ್ವರ್ ಓಕ್ ಬೇಡ, ತೋಟದಲ್ಲಿ ಪುಕ್ಕಟೆ ಸಿಗುತ್ತೆ ಅಂತ ತಂದರೆ ಸೀಳಿಹೋಗುತ್ತೆ. ಹುಣಸೆ ಬೇಕು. ಮಟನ್ ಅಂಗಡಿಯವರು ಸುಮ್ಮನೆ ಹುಣಸೆ ಕೊರಡು ಇಟ್ಟುಕೊಂಡಿರಲ್ಲ. 400 ಮಿ.ಮೀ. ದಪ್ಪದ್ದು, ನಿಲ್ಲಿಸಿದರೆ ನಿನ್ನ ಸೊಂಟಕ್ಕಿಂತ ನಾಲ್ಕು ಬೆರಳು ಮೇಲೆ ಬರಬೇಕು. ಹಸಿ ಕೊರಡಾದರೆ ಎರಡೂ ತುದಿಗೆ ಪೇಂಟ್ ಬಳಿದು ನೆರಳಲ್ಲಿ ಒಣಗಿಸು, ಬಿಸಿಲಿಗಿಟ್ಟರೆ ತಿರುಳಿನಿಂದ ಬಿರುಕು ಬಿಡುತ್ತೆ. ಒಣಗಿದ ಮೇಲೆ ಗಾಡಿ ಚಕ್ರಕ್ಕೆ ಹಾಕುವ ಹಾಗೇ ಕಬ್ಬಿಣದ ಪಟ್ಟಿ ಹಾಕಿಸು. 40×6 ಫ್ಲಾಟು, ಒಳಸುತ್ತಳತೆ ಕೊರಡಿಗಿಂತ 6 ಮಿ.ಮೀ. ಕಡಿಮೆ. ಕೆಂಪಗೆ ಕಾಯಿಸಿ ಇಳಿಸಿ ನೀರು ಹೊಯ್ದರೆ ಆಯಿತು. ಮೇಲ್ಗಡೆ ಎರಡು ಗುಳಿ ತೋಡು: ಒಂದು 150 ಅಗಲ 25 ಆಳ, ಇನ್ನೊಂದು 100 ಅಗಲ 15 ಆಳ. ಗುಳಿಯ ಬಾಯಂಚನ್ನು ಚೆನ್ನಾಗಿ ದುಂಡಗೆ ಮಾಡು, ಚೂಪಾಗಿದ್ದರೆ ತಗಡಿನ ಮೇಲೆ ಅಚ್ಚು ಬಿದ್ದು ಆಮೇಲೆ ಹೋಗಲ್ಲ.

ಜೊತೆಗೊಂದು ಮರಳಿನ ಚೀಲ. ಆಡಿನ ಚರ್ಮ ತೆಳು, ತಡೆಯಲ್ಲ. ಸುಮಾರು 3 ಮಿ.ಮೀ. ದಪ್ಪದ ಎಮ್ಮೆ ಚರ್ಮದಲ್ಲಿ 350 ಮಿ.ಮೀ. ಅಗಲದ ಎರಡು ವೃತ್ತ, ಚಪ್ಪಲಿ ಹೊಲಿಯುವವರ ಹತ್ತಿರ ಮೇಣದ ದಾರದಲ್ಲಿ ಎರಡು ಸಾಲು ಹೊಲಿಗೆ. ಒಳಗೆ ಗಟ್ಟಿ ಬಟ್ಟೆಯ ಚೀಲ, ಇಲ್ಲದಿದ್ದರೆ ಒಂದೊಂದು ಏಟಿಗೂ ಹೊಲಿಗೆಯಿಂದ ಧೂಳು ಬರುತ್ತೆ. ಹೊಳೆ ಮರಳನ್ನು ಜರಡಿ ಹಿಡಿದು, ಹಂಚಿನ ಮೇಲೆ ಹುರಿದು, ಆರಿಸಿ ತುಂಬು. ಎಂ-ಸ್ಯಾಂಡ್ ಹಾಕಬೇಡ, ಅದರ ಕಾಳು ಚೂಪು, ಒಳಗಿನಿಂದ ಬಟ್ಟೆ ಕೊಯ್ಯುತ್ತೆ. ಪೂರ್ತಿ ತುಂಬದೆ ಕಾಲು ಭಾಗ ಖಾಲಿ ಬಿಡು. ಗುದ್ದಿದರೆ ಗುಳಿ ಬಿದ್ದು ಹಾಗೇ ನಿಲ್ಲಬೇಕು, ದಿಂಬಿನ ಹಾಗೆ ಮೇಲೆ ಬರಬಾರದು. ಸೀಸದ ಗುಂಡು ಇನ್ನೂ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ಕೇಳಬೇಡ, ಅದು ವಿಷ, ಪುಟ್ಟಿ ಶೆಡ್ಡಿನಲ್ಲಿ ಓಡಾಡುತ್ತಾಳೆ.

ಇನ್ನು ಬಡಿಯೋಕೆ ಹುಣಸೆಯದೇ ಕೊಡತಿ, ಒಂದು ಬದಿ ಮೊಟ್ಟೆಯ ಹಾಗೆ, ಇನ್ನೊಂದು ಬದಿ ಸ್ವಲ್ಪ ಮಾತ್ರ ಉಬ್ಬು. ಬಡಿಯುವಾಗ ಅಂಚಿನಲ್ಲಿ ಸುಕ್ಕು ಎದ್ದ ತಕ್ಷಣ ಅದನ್ನು ತಟ್ಟಿ ಕೂರಿಸಿ ಮುಂದೆ ಹೋಗು. ಆಮೇಲೆ ನೋಡೋಣ ಅಂತ ಬಿಟ್ಟರೆ ಸುಕ್ಕು ಮಡಿಚಿಕೊಂಡು ಅಲ್ಲೇ ಸೀಳುತ್ತೆ. ನುಣುಪು ಮಾಡುವ ಸುತ್ತಿಗೆಗೆ ಈಗಿರುವ ಬಾಲ್‌ಪೀನ್ ಸಾಕು. ಮುಖದ ಅಂಚು ಸವರಿ, ಎಮೆರಿ 120, 240, 400, ಆಮೇಲೆ ಬಫ್. ನಿನ್ನ ಮುಖ ಕಾಣುವಷ್ಟು ಆಗಬೇಕು. ಸುತ್ತಿಗೆಯ ಮುಖದಲ್ಲಿ ಏನಿದೆಯೋ ಅದೇ ತಗಡಿನ ಮೇಲೆ ಬೀಳುವುದು. ನಮ್ಮ ಬಚ್ಚಲಮನೆಯ ತಾಮ್ರದ ಹಂಡೆಯ ಹೊಟ್ಟೆ ಮೇಲೆ ಒಂದು ಸಲ ಕೈಯಾಡಿಸಿ ನೋಡು. ಏಟಿನ ಗುರುತುಗಳು ಸಾಲಾಗಿ, ಒಂದರ ಅಂಚಿನ ಮೇಲೆ ಇನ್ನೊಂದು ಕೂತಿವೆ, ಎಲ್ಲೂ ಖಾಲಿ ಬಿಟ್ಟಿಲ್ಲ, ಎಲ್ಲೂ ಎರಡು ಸಲ ಬಿದ್ದಿಲ್ಲ. ಅದು ಅಲಂಕಾರ ಅಲ್ಲ ಮಂಜು, ತಾಮ್ರ ಗಟ್ಟಿಯಾಗಲಿ ಅಂತ ಬಡಿದದ್ದು. ಬ್ರಿಟನ್ನಿನ ಡೈಮ್ಲರ್ ಕಂಪನಿ 1896ರಲ್ಲಿ ಕಾರು ಕಟ್ಟೋಕೆ ಕಾರ್ಖಾನೆ ಇಟ್ಟಿದ್ದು ಈ ಊರಿನಲ್ಲೇ. ಇಲ್ಲಿನ ಹಳೇ ಟಿಂಕರಿಂಗ್‌ನವರ ಕೈಯಲ್ಲೂ ಇದ್ದದ್ದು ಮರದ ಕೊರಡು, ಮರಳಿನ ಚೀಲ, ಕೊಡತಿ. ನಮ್ಮ ಕಂಚುಗಾರರು ಹಂಡೆ ಬಡಿಯುವ ಕೈ ಇವರ ಯಾರ ಕೈಗೂ ಕಡಿಮೆ ಇಲ್ಲ, ನಾನು ಎದೆ ತಟ್ಟಿ ಹೇಳುತ್ತೇನೆ.

ಈಗ ನಿನ್ನ ವೀಲಿಂಗ್ ಮಷೀನು. ನೀನು ಇಂಗ್ಲಿಷ್ ವೀಲ್ ಅಂತೀಯ, ಅದು ಅಮೆರಿಕದವರ ಮಾತು. ಇಂಗ್ಲೆಂಡಿನಲ್ಲಿ ವೀಲಿಂಗ್ ಮಷೀನ್ ಅಂತಲೇ ಕರೆಯುವುದು. ಇಂಗ್ಲಿಷಿನ C ಅಕ್ಷರದ ಹಾಗಿರುವ ಫ್ರೇಮಿಗೆ 100×100×6 ಬಾಕ್ಸ್ ಪೈಪು, ಹೆಚ್ಚುಕಮ್ಮಿ ಮೂರು ಮೀಟರು, ಐವತ್ತು ಕೆ.ಜಿ. ಬರುತ್ತೆ. ಬಾಯಿಯ ಆಳ 500 ಮಿ.ಮೀ. ಸಾಕು. ದೊಡ್ಡ ಬಾಯಿ ಇದ್ದರೆ ದೊಡ್ಡ ಬಾನೆಟ್ ಮಾಡಬಹುದು ಅಂತ ಆಸೆ ಪಡಬೇಡ. ತೋಳಿನ ಉದ್ದ ಎರಡರಷ್ಟಾದರೆ ಅದೇ ಒತ್ತಡಕ್ಕೆ ಅದರ ಬಾಗು ಎಂಟರಷ್ಟು. ಫ್ರೇಮು ಬಾಯಿ ಬಿಡುತ್ತಾ ಹೋದರೆ ಒತ್ತಡ ತಗಡಿಗೆ ಸೇರಲ್ಲ, ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಾಗೇ ಉಳಿಯುತ್ತೆ. ಎರಡೂ ಮೂಲೆಗೆ 8 ಮಿ.ಮೀ. ಪ್ಲೇಟಿನ ತ್ರಿಕೋನ, 150ರದ್ದು, ಎರಡೂ ಪಕ್ಕಕ್ಕೆ ಬೆಸೆ.

ಮೇಲಿನ ಚಕ್ರ 200 ಮಿ.ಮೀ. ವ್ಯಾಸ, 75 ಅಗಲ, ಇಎನ್8 ಉಕ್ಕು, ತೂಕ 18 ಕೆ.ಜಿ. ಹತ್ತಿರ. ಎರಡು 6205 ಬೇರಿಂಗ್, 25 ಮಿ.ಮೀ. ಆಕ್ಸಲ್. ಗುಜರಿಯಲ್ಲಿ ಸಿಗುವ ಬೀಡುಕಬ್ಬಿಣದ ಟ್ರಾಲಿ ಚಕ್ರ ಹಾಕಬೇಡ, ಅದರ ಸಣ್ಣ ಸಣ್ಣ ರಂಧ್ರಗಳೆಲ್ಲ ತಗಡಿಗೆ ಅಚ್ಚೊತ್ತುತ್ತೆ. ಕೆಳಗಿನ ಚಕ್ರ 75 ವ್ಯಾಸ, 50 ಅಗಲ, ಒಳಗೆ ಎರಡು 6004. ಸದ್ಯಕ್ಕೆ ಮೂರು ಸಾಕು: ಉಬ್ಬಿನ ತ್ರಿಜ್ಯ 300, 150, 75. ಮೂರಕ್ಕೂ ನಟ್ಟನಡುವೆ 6 ಮಿ.ಮೀ. ಅಗಲ ಮಟ್ಟಸವಾಗಿರಲಿ, ಇಲ್ಲದಿದ್ದರೆ ತಗಡಿನ ಮೇಲೆ ನೇಗಿಲು ಹೊಡೆದ ಹಾಗೆ ಗೆರೆ ಬರುತ್ತೆ. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಲೇತ್ ಇರುವವರ ಹತ್ತಿರ ಮಾಡಿಸು. 1 ಮಿ.ಮೀ. ತಗಡಿನಲ್ಲಿ ಉಬ್ಬಿನ ಟೆಂಪ್ಲೇಟ್ ಕತ್ತರಿಸಿಕೊಂಡು ಹೋಗಿ, ಚಕ್ರ ಲೇತ್ ಮೇಲಿರುವಾಗಲೇ ಬೆಳಕಿಗೆ ಹಿಡಿದು ನೋಡು, ಮನೆಗೆ ತಂದ ಮೇಲೆ ನೋಡಿ ಪ್ರಯೋಜನ ಇಲ್ಲ.

ಕೆಳಗಿನ ಚಕ್ರ ಏರಿಸೋಕೆ ಎಂ24 ಬೋಲ್ಟು, ಬುಡದಲ್ಲಿ ಕಾಲಿಂದ ತಿರುಗಿಸುವ ಒಂದು ಚಕ್ರ. ಒಂದು ಸಲ ಪೂರ್ತಿ ಸುತ್ತಿದರೆ 3 ಮಿ.ಮೀ. ಏರುತ್ತೆ, ಆದ್ದರಿಂದ ಆ ಚಕ್ರದ ಮೇಲೆ ಎಂಟು ಗುರುತು ಹಾಕು. ಏರುವ ಪೈಪು ಹೊರಗಿನ ಪೈಪಿನಲ್ಲಿ ಅಲ್ಲಾಡಬಾರದು, ಆಟ ಇದ್ದರೆ ಹಿತ್ತಾಳೆ ತಗಡಿನ ಪಟ್ಟಿ ತುರುಕು.

ಎರಡು ಚಕ್ರ ಒಂದಕ್ಕೊಂದು ನೇರ ಇವೆಯಾ ಅಂತ ನೋಡೋಕೆ ಬಿಳಿ ಹಾಳೆ, ಕಾರ್ಬನ್ ಪೇಪರ್ ಜೊತೆ ಸೇರಿಸಿ ನಡುವೆ ಇಟ್ಟು ಮೆಲ್ಲಗೆ ಒತ್ತು. ಗುರುತು ಮೇಲಿನ ಚಕ್ರದ ನಡುವಿಗೂ ಕೆಳಗಿನದರ ನಡುವಿಗೂ ಬರಬೇಕು. ಆಮೇಲೆ 50 ಮಿ.ಮೀ. ಅಗಲದ ಅಲ್ಯೂಮಿನಿಯಂ ಪಟ್ಟಿಯನ್ನು ಉದ್ದಕ್ಕೆ ನಾಲ್ಕು ಸಲ ಓಡಿಸು. ಕುಡುಗೋಲಿನ ಹಾಗೆ ಬಾಗಿದರೆ ಹೊರಬಾಗಿನ ಕಡೆ ಒತ್ತಡ ಜಾಸ್ತಿ ಬೀಳುತ್ತಿದೆ, ಆ ಕಡೆ ಇಳಿಸು. ಫ್ರೇಮಿಗೆ ಕೊನೆಯ ವೆಲ್ಡ್ ಹಾಕೋಕೆ ಮುಂಚೆ ಇದೆಲ್ಲ ಆಗಬೇಕು.

ತಗಡಿನ ಮೇಲೆ ಒಂದೇ ಕಲೆ ಮತ್ತೆ ಮತ್ತೆ ಬಂದರೆ ಅಳತೆ ಹಿಡಿ. 236 ಮಿ.ಮೀ.ಗೊಮ್ಮೆ ಬಂದರೆ ದೋಷ ಕೆಳಗಿನ ಚಕ್ರದ್ದು, 628ಕ್ಕೊಮ್ಮೆ ಬಂದರೆ ಮೇಲಿನದು. ಚಕ್ರದ ಸುತ್ತಳತೆ ಅಷ್ಟೇ ಇರುವುದು. ಸುಮ್ಮನೆ ಎರಡನ್ನೂ ಬಿಚ್ಚಿ ಉಜ್ಜುತ್ತಾ ಕೂರಬೇಡ. ಓಡಿಸುವಾಗ ಒತ್ತಡ ಕಡಿಮೆ, ಸಾಲು 6 ಮಿ.ಮೀ.ಗೊಂದು, ಎರಡನೇ ಸಲ ಅಡ್ಡಕ್ಕೆ. ಬೇಗ ಉಬ್ಬಲಿ ಅಂತ ಬಿಗಿ ಮಾಡಿದರೆ ಗೆರೆ ಏಳುತ್ತೆ, ಆ ಗೆರೆ ತೆಗೆಯೋಕೆ ಒಂದು ದಿನ ಬೇಕು.

ಟ್ಯಾಂಕಿಗೆ ಅಲ್ಯೂಮಿನಿಯಂ ಬಳಸಿದರೆ ಮೊದಲು ಮೆದು ಮಾಡಿಕೋ. ಬಾರ್ ಸೋಪು ಉಜ್ಜಿ ಟಾರ್ಚಿನಲ್ಲಿ ಕಾಯಿಸು, ಸೋಪು ಕಂದು ಕಳೆದು ಕಪ್ಪಾಗುತ್ತಿದ್ದ ಹಾಗೇ ಬೆಂಕಿ ತೆಗೆ. ಅದು ಕಬ್ಬಿಣದ ಹಾಗೆ ಕೆಂಪಾಗಿ ಎಚ್ಚರಿಕೆ ಕೊಡಲ್ಲ, 660 ಡಿಗ್ರಿಗೆ ದಿಢೀರನೆ ತೂತಾಗಿ ಬೀಳುತ್ತೆ. ಅಂಚು ಕುಗ್ಗಿಸುವ ಶ್ರಿಂಕರ್ ಒಂದನ್ನು ಮಾತ್ರ ಮನೆಯಲ್ಲಿ ಮಾಡೋಕೆ ಹೋಗಬೇಡ. ಅದರ ಹಲ್ಲಿನ ದವಡೆಗೆ ಸರಿಯಾದ ಹದ ಕೊಡೋದು ನಮ್ಮ ಕೈಯಲ್ಲಿ ಆಗಲ್ಲ. ದವಡೆ ನಾನು ಇಲ್ಲಿಂದ ಕಳಿಸುತ್ತೇನೆ, ಹಿಡಿಕೆ ನೀನು ಕಟ್ಟು.

ಜಿಐ ಶೀಟಿಗೆ ವೆಲ್ಡ್ ಮಾಡುವಾಗ ಸತುವಿನ ಲೇಪ ಉಜ್ಜಿ ತೆಗೆ, ಬಾಗಿಲು ತೆಗೆದಿಡು, ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತೆ. ಬಡಿಯುವಾಗ ಕಿವಿಗೆ ಮಫ್ ಹಾಕಿಕೋ. ಇಲ್ಲಿ ಮನೆ ಹಿಂದೆ ಮರದ ಶೆಡ್ ಇಟ್ಟುಕೊಂಡು ಲೇತ್ ಕೂರಿಸಿಕೊಂಡವರಿದ್ದಾರೆ. ಈಗ ಸಂಜೆ ಎಂಟರವರೆಗೂ ಬೆಳಕು, ಆದರೂ ಹೊತ್ತು ನೋಡಿ ಸುತ್ತಿಗೆ ಕೆಳಗಿಡುತ್ತಾರೆ, ಪಕ್ಕದ ಮನೆಯವರಿಗೆ ತೊಂದರೆ ಅಂತ. ನೀನೂ ಅಪ್ಪ ಮಲಗುವ ಹೊತ್ತಿಗೆ ನಿಲ್ಲಿಸು.

ದುಡ್ಡಿನ ಮಾತು. ಈ ತಿಂಗಳು ಇಪ್ಪತ್ತೈದು ಸಾವಿರ ಕಳಿಸುತ್ತೇನೆ. ಫೋಲ್ಡರು, ಕೊರಡು, ಚೀಲಕ್ಕೆ ಖರ್ಚು ಮಾಡಿ ಉಳಿದದ್ದು ಚಕ್ರದ ಮುಂಗಡಕ್ಕೆ ಇಟ್ಟುಕೋ. ಮಳೆಗಾಲ ಕಳೆದ ಮೇಲೆ ಮತ್ತೆ ಕಳಿಸುತ್ತೇನೆ. ನನಗೆ ಇದರಿಂದ ಏನೂ ಕಷ್ಟ ಇಲ್ಲ, ಖಂಡಿತ ಇಲ್ಲ. ಓವರ್‌ಟೈಮ್ ಇದೆ, ಊಟ ಚೆನ್ನಾಗಿದೆ, ಚಳಿ ಹೋಗಿದೆ, ಕೋಟು ಇದೆ, ಕೆಮ್ಮು ಪೂರ್ತಿ ವಾಸಿಯಾಗಿದೆ, ಅಮ್ಮನಿಗೆ ಎರಡು ಸಲ ಹೇಳು. ಬಳೆ ಅಮ್ಮನ ಕೈಯಲ್ಲೇ ಇರಲಿ. ಈಗಾಗಲೇ ಕೊಟ್ಟಿದ್ದರೆ ನಾಳೆಯೇ ಹೋಗಿ ಬಿಡಿಸಿಕೊಂಡು ಬಾ, ಬಡ್ಡಿ ಎಷ್ಟಾದರೂ ನಾನು ಕೊಡುತ್ತೇನೆ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ.

ಕೀಲಿಗೆ ಟಾಕು ಹಾಕಿದ ಮೇಲೆ ಫೋಟೋ ಕಳಿಸು, ನಾನು ನೋಡುವವರೆಗೂ ಪೂರ್ತಿ ವೆಲ್ಡ್ ಮಾಡಬೇಡ. ಬೆಳಿಗ್ಗೆ ಆರಕ್ಕೆ ಶಿಫ್ಟ್ ಇದೆ, ಇಲ್ಲಿಗೆ ನಿಲ್ಲಿಸುತ್ತೇನೆ. ಚಕ್ರದ ನಕ್ಷೆ ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ, ನೋಡಿಕೋ.

ಇತಿ,
ನಿನ್ನ ಅಣ್ಣ