ಗಲ್ಫ್‌ನಲ್ಲಿ ನಮ್ಮವರ ಸಂಖ್ಯೆ ಬೆಳೆದದ್ದೇಕೆ? ವಿದೇಶಾಂಗ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ವಿದೇಶಾಂಗ ಸಚಿವರಿಗೆ,

ಸಾದರ ನಮಸ್ಕಾರಗಳು.

ಗಲ್ಫ್ ದೇಶಗಳಲ್ಲಿ ದುಡಿಯುವ ಭಾರತೀಯರ ಸಂಖ್ಯೆಯನ್ನೂ ಅವರು ಊರಿಗೆ ಕಳುಹಿಸುವ ಹಣವನ್ನೂ ಸರ್ಕಾರ ಅಭಿಮಾನದಿಂದ ಹೇಳಿಕೊಳ್ಳುತ್ತದೆ. ಆ ಸಂಖ್ಯೆ ಏಕೆ ಬೆಳೆಯಿತು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಅಲ್ಲಿನವರು ಮೈಬಗ್ಗಿಸಿ ದುಡಿಯುವುದಿಲ್ಲ, ಅದಕ್ಕೇ ನಮ್ಮವರು ಬೇಕು ಎಂಬ ಮಾತು ನಮ್ಮ ಕರಾವಳಿಯಲ್ಲಿ ಸಾಮಾನ್ಯ. ಆದರೆ ತೈಲ ಸಿಗುವ ಮೊದಲು ಅದೇ ಜನ ಉಸಿರು ಬಿಗಿಹಿಡಿದು ಕಡಲಿಗೆ ಧುಮುಕಿ ಮುತ್ತು ತೆಗೆದು ಬದುಕಿದವರು. 1973ರ ನಂತರ ತೈಲದ ಬೆಲೆ ನಾಲ್ಕು ಪಟ್ಟಾಗಿ, ರಸ್ತೆ, ಬಂದರು, ಆಸ್ಪತ್ರೆಗಳ ಕೆಲಸ ಒಮ್ಮೆಲೇ ಶುರುವಾದಾಗ ಅಲ್ಲಿನ ಜನಸಂಖ್ಯೆ ಅದಕ್ಕೆ ಸಾಲಲಿಲ್ಲ. ಇದ್ದ ನಾಗರಿಕರಿಗೂ ಪ್ರಭುತ್ವವೇ ಒಳ್ಳೆಯ ಸಂಬಳದ ಸರ್ಕಾರಿ ನೌಕರಿ ಕೊಟ್ಟಿತು. ಉಳಿದ ಕೆಲಸಕ್ಕೆ ಮೊದಲು ಬಂದವರಲ್ಲಿ ಈಜಿಪ್ಟ್, ಯೆಮನ್, ಪ್ಯಾಲೆಸ್ತೀನಿನವರೇ ಹೆಚ್ಚು. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದ ಬಳಿಕ ಸೌದಿಯಿಂದ ಲಕ್ಷಾಂತರ ಯೆಮನಿಗಳೂ ಕುವೈತಿನಿಂದ ಬಹುಪಾಲು ಪ್ಯಾಲೆಸ್ತೀನಿಯರೂ ಹೊರಡಬೇಕಾಯಿತು. ಅದಾಗಲೇ ಹೆಚ್ಚುತ್ತಿದ್ದ ನಮ್ಮಂಥ ಏಷ್ಯಾದವರ ಪಾಲು ಇನ್ನಷ್ಟು ಹಿಗ್ಗಿತು. ಕುಟುಂಬ ಕರೆತರದ, ಸ್ಥಳೀಯ ರಾಜಕೀಯದ ಗೊಡವೆಗೆ ಹೋಗದ, ಕರಾರು ಮುಗಿದೊಡನೆ ವಾಪಸಾಗುವ ಕೆಲಸಗಾರ ಆ ಸರ್ಕಾರಗಳಿಗೆ ಬೇಕಿದ್ದ.

ಆತನನ್ನು ಅಗ್ಗವಾಗಿಯೇ ಉಳಿಸಿದ್ದು ಕಫಾಲಾ ಪದ್ಧತಿ. ವೀಸಾ, ಇಕಾಮ ಎಂಬ ವಾಸದ ಪರವಾನಗಿ ಎಲ್ಲವೂ ಕಫೀಲನ, ಅಂದರೆ ಕೆಲಸಗಾರನ ಹೊಣೆ ಹೊತ್ತು ಕರೆಸಿಕೊಳ್ಳುವ ಮಾಲೀಕನ, ಕೈಯಲ್ಲಿ. ಇಲ್ಲಿ ಸಹಿ ಹಾಕಿದ ಕರಾರಿನಲ್ಲಿ ಒಂದು ಸಂಬಳ, ಅಲ್ಲಿ ಇಳಿದ ಮೇಲೆ ಮುಂದೊಡ್ಡುವ ಅರೇಬಿಕ್ ಕಾಗದದಲ್ಲಿ ಇನ್ನೊಂದು ಸಂಬಳ ಇದ್ದರೂ, ಹೆಂಡತಿಯ ಚಿನ್ನವನ್ನು ಸೊಸೈಟಿಯಲ್ಲಿ ಅಡವಿಟ್ಟು ಏಜೆಂಟನಿಗೆ ಹಣ ಕೊಟ್ಟು ಬಂದವನು ಮರುಮಾತಿಲ್ಲದೆ ಒಪ್ಪುತ್ತಾನೆ. ಏಜೆಂಟ್ 30,000 ರೂಪಾಯಿಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ ಎಂಬ ನಿಯಮ ನಿಮ್ಮದೇ. ಸಬ್ ಏಜೆಂಟರು ರಸೀದಿಯಿಲ್ಲದೆ ಪಡೆಯುವ ಹಣಕ್ಕೆ ಅದು ತಗಲುವುದಿಲ್ಲ. 2020ರಲ್ಲಿ ಕತಾರ್, ಮಾಲೀಕರ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲು ಅವಕಾಶ ಕೊಟ್ಟಿತು. ಮರುವರ್ಷ ಸೌದಿಯೂ ನಿಯಮ ಸಡಿಲಿಸಿತಾದರೂ ಮನೆಗೆಲಸದವರನ್ನು ಹೊರಗಿಟ್ಟಿತು.

ಅಗ್ಗವಾಗಿಸುವುದರಲ್ಲಿ ನಮ್ಮ ಪಾಲೂ ಇದೆ ಎಂದು ವಿಷಾದದಿಂದಲೇ ಬರೆಯಬೇಕಾಗಿದೆ. 2020ರ ಸೆಪ್ಟೆಂಬರಿನಲ್ಲಿ ನಿಮ್ಮ ಸಚಿವಾಲಯವೇ ಗಲ್ಫ್‌ಗೆ ಹೋಗುವ ಕಾರ್ಮಿಕರ ಕನಿಷ್ಠ ಶಿಫಾರಸು ವೇತನವನ್ನು ಶೇ 30ರಿಂದ 50ರಷ್ಟು ಇಳಿಸಿ, ವಿರೋಧ ಬಂದ ಮೇಲೆ ಮರುವರ್ಷ ಹಿಂಪಡೆಯಿತು. ನೌಕರಿ ಬೇರೆ ದೇಶದವರ ಪಾಲಾಗದಿರಲಿ ಎಂಬುದು ಆಗಿನ ಸಮರ್ಥನೆ. ಈ ಲೆಕ್ಕಾಚಾರಕ್ಕೆ ಕೊನೆಯೇ ಇಲ್ಲ, ಏಕೆಂದರೆ ನೇಪಾಳವೂ ಬಾಂಗ್ಲಾದೇಶವೂ ಇದನ್ನೇ ಮಾಡಬಲ್ಲವು.

ಆದ್ದರಿಂದ ಗಲ್ಫ್ ಸರ್ಕಾರಗಳೊಡನೆ ಮುಂದಿನ ಮಾತುಕತೆಯಲ್ಲಿ ಎಷ್ಟು ಜನರನ್ನು ಕಳುಹಿಸುತ್ತೇವೆ ಎಂಬುದಕ್ಕಿಂತ ಮೊದಲು, ಇಲ್ಲಿ ನೋಂದಾಯಿಸಿದ ಕರಾರೇ ಅಲ್ಲಿಯೂ ಊರ್ಜಿತವೆಂಬ ಷರತ್ತನ್ನೂ ಮನೆಗೆಲಸದವರಿಗೂ ಮಾಲೀಕರನ್ನು ಬದಲಿಸುವ ಹಕ್ಕನ್ನೂ ಮುಂದಿಡಬೇಕು. ನೆರೆಯ ದೇಶಗಳೊಂದಿಗೆ ಕೂತು ಕನಿಷ್ಠ ವೇತನದ ಬಗ್ಗೆ ಸಮಾನ ನಿಲುವು ತಳೆಯಬೇಕು ಎಂದು ಕೋರುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಕರಾವಳಿ ಕರ್ನಾಟಕದ ಒಬ್ಬ ನಾಗರಿಕ