ಕಾಲು ಬಾತಿದ್ದು ಕಿಡ್ನಿಯಿಂದಲ್ಲ, ಮಾತ್ರೆಯಿಂದ

ಸಂಪಾದಕರೇ,

ಈ ಮಳೆಗಾಲ ನಮ್ಮ ಅಮ್ಮನ ಕಾಲಿಗೆ ಗಂಬೂಟು ಹತ್ತಲೇ ಇಲ್ಲ. ಜಿಗಣೆ ಕಾಟಕ್ಕೆ ಅದಿಲ್ಲದೆ ತೋಟಕ್ಕೆ ಇಳಿಯೋದು ಹೇಗೆ? ಬೆಳಗ್ಗೆ ಪರವಾಗಿಲ್ಲ, ಸಂಜೆ ಹೊತ್ತಿಗೆ ಎರಡೂ ಕಾಲು ದಿಮ್ಮಿಯ ಹಾಗೆ. ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು.

ನೋಡಿದವರೆಲ್ಲ ಕಿಡ್ನಿ ಹೋಯ್ತು ಅಂದರು. ರಕ್ತ, ಮೂತ್ರ ಪರೀಕ್ಷೆ ಮಾಡಿಸಿದೆವು, ಎಲ್ಲ ಸರಿ ಇತ್ತು. ಕೊನೆಗೆ ಒಬ್ಬ ಡಾಕ್ಟರು ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತರಲು ಹೇಳಿದರು. ಅಮ್ಮನ ಬಿಸ್ಕತ್ತು ಡಬ್ಬಿ ಒಯ್ದು ಮೇಜಿನ ಮೇಲೆ ಸುರಿದೆ. ಬಿಪಿಗೆ ಅಮ್ಲೋಡಿಪಿನ್, ಎರಡು ತಿಂಗಳ ಹಿಂದೆ 5 ಮಿ.ಗ್ರಾಂ ಇದ್ದದ್ದು 10 ಆಗಿತ್ತು. ಜೊತೆಗೆ ಮಂಡಿನೋವಿನ ಮಾತ್ರೆ. ಮೆಡಿಕಲ್‌ನವರು ಕತ್ತರಿಯಲ್ಲಿ ತುಂಡು ಮಾಡಿ ಕೊಟ್ಟಿದ್ದರಿಂದ ಅದರ ಮೇಲೆ 'ಫೆನಾಕ್' ಅನ್ನುವ ಬಾಲ ಮಾತ್ರ ಉಳಿದಿತ್ತು. ಡೈಕ್ಲೋಫೆನಾಕ್ ಇರಬೇಕು ಅಂದರು ಡಾಕ್ಟರು.

ಅಮ್ಲೋಡಿಪಿನ್ ಸಣ್ಣ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬಿಪಿ ಇಳಿಯುವುದೇ ಹಾಗೆ. ಆದರೆ ರಕ್ತ ತರುವ ನಾಳ ಹಿಗ್ಗಿದಷ್ಟು ವಾಪಸ್ ಒಯ್ಯುವ ನಾಳ ಹಿಗ್ಗುವುದಿಲ್ಲ, ನಡುವೆ ಒತ್ತಡ ಜಾಸ್ತಿಯಾಗಿ ನೀರು ಹೊರಗೆ ಜಿನುಗಿ ಕಣಕಾಲಲ್ಲಿ ನಿಲ್ಲುತ್ತದೆ. ಡೋಸ್ ಏರಿದಂತೆ ಬಾವು ಬರುವ ಸಾಧ್ಯತೆಯೂ ಏರುತ್ತದೆ. ಮೂತ್ರ ಹೋಗಿಸುವ ಮಾತ್ರೆ ಕೊಟ್ಟರೂ ಈ ಬಾವು ಅಷ್ಟಾಗಿ ಇಳಿಯುವುದಿಲ್ಲವಂತೆ. ನೋವಿನ ಮಾತ್ರೆಯದ್ದು ಬೇರೆ ಕಥೆ. ಅದು ಕಿಡ್ನಿಯಿಂದ ಉಪ್ಪು, ನೀರು ಸರಿಯಾಗಿ ಹೊರಗೆ ಹೋಗದಂತೆ ಮಾಡುತ್ತದೆ, ಬಿಪಿಯನ್ನೂ ಏರಿಸಬಹುದು. ಬಿಪಿ ಇಳಿಸಲು ಒಂದು ಮಾತ್ರೆ, ಏರಿಸಲು ಇನ್ನೊಂದು, ಎರಡೂ ಒಂದೇ ಡಬ್ಬಿಯಲ್ಲಿ!

ಸ್ಟಿರಾಯ್ಡ್, ಸಕ್ಕರೆ ಕಾಯಿಲೆಯ ಪಯೋಗ್ಲಿಟಜೋನ್, ನರದ ನೋವಿನ ಪ್ರೀಗ್ಯಾಬಲಿನ್ ತೆಗೆದುಕೊಳ್ಳುವವರಿಗೂ ಕಾಲು ಬಾಯಬಹುದು. ಹಾಗಂತ ಸುಮ್ನೆ ಮಾತ್ರೆ ಬಿಟ್ಟುಬಿಡಬೇಡಿ, ಬಿಪಿ ಮಾತ್ರೆಯನ್ನಂತೂ ಬಿಡಲೇಬೇಡಿ, ಡಬ್ಬಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ಒಂದೇ ಕಾಲು ಬಾತು ನೋಯುತ್ತಿದ್ದರೆ ಅಥವಾ ಉಸಿರು ಕಟ್ಟಿದರೆ ಅವತ್ತೇ ಆಸ್ಪತ್ರೆಗೆ.

ಅಮ್ಮನಿಗೆ ಅಮ್ಲೋಡಿಪಿನ್ ಮತ್ತೆ 5ಕ್ಕೆ ಇಳಿಸಿ, ಜೊತೆಗೆ ಬಿಪಿಯದ್ದೇ ಇನ್ನೊಂದು ಮಾತ್ರೆ, ಟೆಲ್ಮಿಸಾರ್ಟಾನ್ ಕೊಟ್ಟರು. ನೋವಿನ ಮಾತ್ರೆ ನಿಂತಿತು. ಮೂರು ವಾರದಲ್ಲಿ ಬೂಟು ಹತ್ತಿತು, ಮಂಡಿನೋವು ಮಾತ್ರ ಹಾಗೇ ಇದೆ.

ನನ್ನ ತಕರಾರು ಇಷ್ಟೇ. ಡೈಕ್ಲೋಫೆನಾಕ್ ಮಾತ್ರೆಯನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಆದರೂ ಸೋಮವಾರ ಸಂತೆಗೆ ಬಂದವರು ತರಕಾರಿ ಜೊತೆ ಹತ್ತು ಮಾತ್ರೆಯನ್ನೂ ಒಯ್ಯುತ್ತಾರೆ. ಕೊಡುವಾಗ "ಬಿಪಿ ಇದೆಯಾ?" ಅಂತ ಒಂದು ಮಾತು ಕೇಳಬಹುದಲ್ವಾ?

ಒಬ್ಬ ಓದುಗ, ಸೋಮವಾರಪೇಟೆ